ನುಣುಪು ಒಳಗೆ, ಎಲುಬು ಹೊರಗೆ: ಮ್ಯೂಡೋನಿನ ಗಾಳಿಮನೆ

ಮನೆ ಕಟ್ಟುವಾಗ ಕಂಬ, ತೊಲೆ, ಕಂಬಿ ಎಲ್ಲ ಒಳಗೆ ಅಡಗಬೇಕು, ಹೊರಗೋಡೆ ಗಿಲಾವು ಬಳಿದು ನುಣ್ಣಗಿರಬೇಕು ಎನ್ನುವುದು ರೂಢಿ. ಪ್ಯಾರಿಸ್ಸಿನ ನೈಋತ್ಯಕ್ಕಿರುವ ಮ್ಯೂಡೋನಿನಲ್ಲಿ ಅಂಗಿಯನ್ನು ತಿರುವುಮುರುವಾಗಿ ತೊಟ್ಟಂಥ ಒಂದು ಕಟ್ಟಡವಿದೆ. ಕಾಂಕ್ರೀಟಿನ ಪಕ್ಕೆಲುಬುಗಳು ಸಾಲಾಗಿ ಹೊರಗೆ ಎದ್ದು ಕಾಣುತ್ತವೆ. ಒಳಮೈ ಮಾತ್ರ ತೊಳೆದಿಟ್ಟ ಬೋಗುಣಿಯ ಹಾಗೆ ನುಣುಪು. ದೂರದಿಂದ ನೋಡಿದವರಿಗೆ ದಡಕ್ಕೆ ಬಿದ್ದ ತಿಮಿಂಗಿಲವೋ, ಅರ್ಧಕ್ಕೇ ಬಿಟ್ಟ ಹಡಗೋ ಅನ್ನಿಸಬಹುದು. ಅದು ವಿಮಾನಗಳ ಪರೀಕ್ಷೆಗೆಂದು 1932ರಿಂದ 1934ರೊಳಗೆ ಕಟ್ಟಿದ ವಿಂಡ್ ಟನಲ್, ಅಂದರೆ ವಿಮಾನವನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಓಡಿಸಿ ನೋಡುವ ಸುರಂಗ. ಸುಮಾರು 120 ಮೀಟರ್ ಉದ್ದ, 25 ಮೀಟರ್ ಎತ್ತರ. 2000ನೇ ಇಸವಿಯಲ್ಲಿ ಫ್ರಾನ್ಸ್ ಸರ್ಕಾರ ಇದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

ಈ ಆವರಣಕ್ಕೆ ಶಾಲೆ-ಮ್ಯೂಡೋನ್ ಎಂದು ಹೆಸರು. ನಮ್ಮ ಕಿವಿಗೆ ಪಾಠಶಾಲೆ ಎಂದೇ ಕೇಳುತ್ತದೆ, ಅದೇನೂ ಪೂರ್ತಿ ತಪ್ಪಲ್ಲ. ಹಾರಾಟ ಕಲಿಯುವ ಕೆಲಸ ಈ ಊರಿನಲ್ಲಿ ವಿಮಾನಕ್ಕಿಂತ ಹಳೆಯದು. ಕ್ರಾಂತಿಯ ಕಾಲದಲ್ಲಿ, 1794ರ ಹೊತ್ತಿಗೆ, ಪೆನ್ಸಿಲ್ಲಿನ ಸೀಸಕ್ಕೆ ಹೆಸರಾದ ಕೋಂತೆ ಇಲ್ಲೇ ಸೇನೆಯ ಬಲೂನುಗಳನ್ನು ತಯಾರಿಸುತ್ತಿದ್ದ. 1877ರಲ್ಲಿ ಶಾರ್ಲ್ ರೆನಾರ್ ಆ ಕೆಲಸವನ್ನು ಮತ್ತೆ ಇಲ್ಲಿ ನೆಲೆಗೊಳಿಸಿದ. 1884ರ ಆಗಸ್ಟ್ 9ರಂದು ಆತ ಮತ್ತು ಕ್ರೆಬ್ಸ್ 'ಲಾ ಫ್ರಾನ್ಸ್' ಎಂಬ ವಾಯುನೌಕೆಯಲ್ಲಿ ಇಲ್ಲಿಂದ ಹೊರಟು, 23 ನಿಮಿಷಗಳಲ್ಲಿ ಸುಮಾರು 8 ಕಿಲೋಮೀಟರ್ ಸುತ್ತಿ, ಹೊರಟ ಜಾಗಕ್ಕೇ ಬಂದಿಳಿದರು. ಗಾಳಿ ಕೊಂಡೊಯ್ದ ಕಡೆಗಲ್ಲ, ತಾವು ಬಯಸಿದ ಕಡೆಗೆ. ಆ ನೌಕೆಯನ್ನಿಡಲು ನಿಲ್ಲಿಸಿದ 'ಹ್ಯಾಂಗರ್ ವೈ' ಇನ್ನೂ ಹತ್ತಿರದಲ್ಲೇ ಇದೆ. ಅದರ ಕಬ್ಬಿಣದ ಚೌಕಟ್ಟು 1878ರ ಪ್ಯಾರಿಸ್ ಮಹಾಪ್ರದರ್ಶನದಿಂದ ಬಿಚ್ಚಿ ತಂದದ್ದು.

ಗಾಳಿಮನೆಯ ವಂಶವೃಕ್ಷ ಹುಡುಕಿದರೆ ಬೇರು ಸಿಗುವುದು ಮಾತ್ರ ಐಫೆಲ್ ಬಳಿ. ಗೋಪುರ ಕಟ್ಟಿದ ಗುಸ್ತಾವ್ ಐಫೆಲ್ ಎಪ್ಪತ್ತು ದಾಟಿದ ಮೇಲೆ ಗಾಳಿಯ ಹಿಂದೆ ಬಿದ್ದ. ಮೊದಲು ಗೋಪುರದ ಎರಡನೇ ಅಂತಸ್ತಿನಿಂದ, ನೆಟ್ಟಗೆ ಬಿಗಿದ ತಂತಿಯ ಗುಂಟ, ಬೇರೆ ಬೇರೆ ಆಕಾರದ ಫಲಕಗಳನ್ನು ಬೀಳಿಸಿ ಗಾಳಿಯ ತಡೆ ಅಳೆದ. ಬೀಳುವ ವಸ್ತು ಕೆಲವೇ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ, ಅಷ್ಟರಲ್ಲಿ ಎಷ್ಟು ಅಳೆದಾರು? ಹಾಗಾಗಿ ವಸ್ತುವನ್ನು ನಿಲ್ಲಿಸಿ ಗಾಳಿಯನ್ನೇ ಓಡಿಸುವುದಕ್ಕೆ 1909ರಲ್ಲಿ ಗೋಪುರದ ಬುಡದಲ್ಲಿ ಒಂದು ಟನಲ್ ಮಾಡಿದ. 1912ರಲ್ಲಿ ಅದನ್ನು ಓತೈ ಬಡಾವಣೆಗೆ ಸಾಗಿಸಿ, 2 ಮೀಟರ್ ವ್ಯಾಸದ ಧಾರೆ ಬರುವಂತೆ ದೊಡ್ಡದು ಮಾಡಿದ. ಅದಕ್ಕಿದ್ದ ಮೋಟಾರು ಬರೀ 50 ಅಶ್ವಶಕ್ತಿಯದು.

ಐಫೆಲ್‌ನ ನಿಜವಾದ ಜಾಣ್ಮೆ ಇರುವುದು ಆ 50ರಲ್ಲೇ. 2 ಮೀಟರ್ ಅಗಲದ ಗಾಳಿಯ ಕಂಬ ಸೆಕೆಂಡಿಗೆ 32 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದು ಹೊತ್ತೊಯ್ಯುವ ಚಲನಶಕ್ತಿಯೇ 85 ಅಶ್ವಶಕ್ತಿಯಷ್ಟಾಗುತ್ತದೆ. 50 ಕೊಟ್ಟು 85 ಪಡೆಯುವುದು ಹೇಗೆ? ಉತ್ತರ ಕಹಳೆಯ ಆಕಾರದಲ್ಲಿದೆ. ಪರೀಕ್ಷೆ ಮುಗಿಸಿ ಬಂದ ವೇಗದ ಗಾಳಿಯನ್ನು ಹಾಗೇ ಹೊರಗೆ ಬಿಟ್ಟರೆ ಅದರ ಶಕ್ತಿಯೆಲ್ಲ ಸುಳಿಯಾಗಿ ಮಣ್ಣುಪಾಲು. ಹಾಗೆ ಬಿಡದೆ, ಮೆಲ್ಲಗೆ ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಸಾಗಿಸಿದರೆ ವೇಗ ಇಳಿಯುತ್ತದೆ, ಇಳಿದ ವೇಗ ಒತ್ತಡವಾಗಿ ವಾಪಸು ಸಿಗುತ್ತದೆ. ಫ್ಯಾನಿನ ಹೊರೆ ಅಷ್ಟು ಕಡಿಮೆ. ಈ ಕೊಳವೆಯ ಹೆಸರು ಡಿಫ್ಯೂಸರ್. ಮ್ಯೂಡೋನಿನ ಎಲುಬುಗಳು ಹೊತ್ತು ನಿಂತಿರುವುದು ಇಂಥದ್ದೇ ಒಂದು ಡಿಫ್ಯೂಸರನ್ನು, ಊರಗಲ ಮಾಡಿದ್ದು ಅಷ್ಟೆ.

ಅಷ್ಟು ದೊಡ್ಡದು ಯಾಕೆ ಬೇಕಾಯಿತು ಎನ್ನುವುದಕ್ಕೂ ಐಫೆಲ್‌ನ ಪ್ರಯೋಗಶಾಲೆಯಲ್ಲೇ ಸುಳಿವಿತ್ತು. ಗೋಳದ ಮೇಲಿನ ಗಾಳಿಯ ಎಳೆತವನ್ನು ಆತ ಅಳೆದಾಗ ಬಂದ ಅಂಕಿ ಜರ್ಮನಿಯ ಗ್ಯಾಟಿಂಗನ್‌ನಲ್ಲಿ ಬಂದದ್ದರ ಅರ್ಧಕ್ಕಿಂತ ಕಡಿಮೆಯಿತ್ತು. ಐಫೆಲ್ ಲೆಕ್ಕ ತಪ್ಪಿದ ಎಂದುಕೊಂಡವರಿದ್ದರು. 1912ರಲ್ಲಿ ಆತ ವೇಗ ಬದಲಾಯಿಸುತ್ತ ಮತ್ತೆ ಅಳೆದು, ಇಬ್ಬರದ್ದೂ ಸರಿ ಎಂದು ತೋರಿಸಿದ. ಒಂದು ವೇಗ ದಾಟಿದ ಮೇಲೆ ಗೋಳದ ಎಳೆತ ದಿಢೀರನೆ ಕುಸಿಯುತ್ತದೆ. ಮೈಗಂಟಿ ಹರಿಯುವ ಬೌಂಡರಿ ಲೇಯರ್ ಎಂಬ ತೆಳುಪದರ ಪ್ರಕ್ಷುಬ್ಧವಾದಾಗ ಗೋಳವನ್ನು ಇನ್ನಷ್ಟು ಹಿಂದಿನವರೆಗೆ ಅಪ್ಪಿಕೊಂಡಿರುತ್ತದೆ, ಹಿಂದಿನ ಸುಳಿಯ ಬಾಲ ಸಣ್ಣದಾಗುತ್ತದೆ ಎಂದು 1914ರಲ್ಲಿ ಗ್ಯಾಟಿಂಗನ್‌ನ ವಿಜ್ಞಾನಿ ಪ್ರಾಂಟ್ಲ್ ಕಾರಣ ವಿವರಿಸಿದ. ವಿಮಾನ ಎಂಜಿನಿಯರಿಗೆ ಇದು ಸಿಹಿ ಸುದ್ದಿಯಲ್ಲ. ಸಣ್ಣ ಮಾದರಿ ತೋರಿಸುವ ಅಂಕಿಯನ್ನು ದೊಡ್ಡ ವಿಮಾನಕ್ಕೆ ಹಾಗೇ ಗುಣಿಸಿ ಹಚ್ಚುವಂತಿಲ್ಲ ಎಂದಾಯಿತು.

ಗಾತ್ರ, ವೇಗ, ಗಾಳಿಯ ದಟ್ಟತೆ ಮತ್ತು ಜಿಗುಟು ಸೇರಿಸಿ ಹಾಕುವ ಲೆಕ್ಕಕ್ಕೆ ರೆನಾಲ್ಡ್ಸ್ ಸಂಖ್ಯೆ ಎಂದು ಹೆಸರು; ಮಾದರಿಗೂ ವಿಮಾನಕ್ಕೂ ಅದು ಒಂದೇ ಇದ್ದರೆ ಗಾಳಿ ಹರಿಯುವ ಬಗೆಯೂ ಒಂದೇ. ಮುಂದಿನಂಚಿನಿಂದ ಹಿಂದಿನಂಚಿಗೆ 2 ಮೀಟರ್ ಇರುವ ರೆಕ್ಕೆ ಸೆಕೆಂಡಿಗೆ 50 ಮೀಟರ್ ಗಾಳಿಯಲ್ಲಿದ್ದರೆ ಆ ಸಂಖ್ಯೆ 67 ಲಕ್ಷದ ಹತ್ತಿರ. ಅದರ ಹತ್ತನೇ ಒಂದರಷ್ಟು ಮಾದರಿಯಲ್ಲಿ ಅದೇ ಸಂಖ್ಯೆ ಬೇಕೆಂದರೆ ಗಾಳಿ ಸೆಕೆಂಡಿಗೆ 500 ಮೀಟರ್ ಓಡಬೇಕು. ಅಂದರೆ ಶಬ್ದದ ವೇಗವನ್ನೂ ಮೀರಿ, ಅಲ್ಲಿ ಗಾಳಿಯ ಸ್ವಭಾವವೇ ಬೇರೆ. ಉಳಿದ ದಾರಿ ಎರಡು. ಗಾಳಿಯನ್ನೇ ಒತ್ತಿ ದಟ್ಟ ಮಾಡುವುದು ಒಂದು. ಅಮೆರಿಕದ ಲ್ಯಾಂಗ್ಲಿ ವಾಯುಯಾನ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದ ಆರಂಭದಲ್ಲೇ ಹೊರಗಾಳಿಯ 20 ಪಟ್ಟು ಒತ್ತಡದ ಉಕ್ಕಿನ ತೊಟ್ಟಿಯೊಳಗೆ ಟನಲ್ ಮಾಡಿದರು. ಇನ್ನೊಂದು, ಮಾದರಿಯ ಗೊಡವೆಯೇ ಬೇಡ, ನಿಜವಾದ ವಿಮಾನವನ್ನೇ ನಿಲ್ಲಿಸುವುದು. 1931ರಲ್ಲಿ ಲ್ಯಾಂಗ್ಲಿಯೇ 30 ಅಡಿ ಎತ್ತರ, 60 ಅಡಿ ಅಗಲದ ಟನಲ್ ಶುರುಮಾಡಿತು. ಫ್ರಾನ್ಸಿನಲ್ಲಿ ಹೊಸದಾಗಿ ಹುಟ್ಟಿದ ವಾಯುಯಾನ ಸಚಿವಾಲಯದ ತಾಂತ್ರಿಕ ಮುಖ್ಯಸ್ಥ ಆಲ್ಬೇರ್ ಕಾಕೋ ಹಿಡಿದದ್ದೂ ಈ ದಾರಿಯನ್ನೇ. ಗಾಳಿಯ ವಿನ್ಯಾಸ ಮಾಡಿದವನು ಐಫೆಲ್‌ನ ಪ್ರಯೋಗಶಾಲೆಯಲ್ಲಿ ಪಳಗಿದ ಆಂತೊನಾ ಲಾಪ್ರೆಲ್. ಕಾಂಕ್ರೀಟಿನ ಕೆಲಸ ಲಿಮೂಸ್ಯಾ ಕಂಪನಿಯದ್ದು. ಓರ್ಲಿಯಲ್ಲಿ ವಾಯುನೌಕೆಗಳಿಗಾಗಿ ಎಂಜಿನಿಯರ್ ಫ್ರೆಸಿನೆ ವಿನ್ಯಾಸ ಮಾಡಿದ ಪ್ರಸಿದ್ಧ ಕಮಾನು ಹ್ಯಾಂಗರುಗಳನ್ನು ಕಟ್ಟಿದ್ದೂ ಇದೇ ಕಂಪನಿ. ಅವು 1944ರ ಬಾಂಬ್ ದಾಳಿಯಲ್ಲಿ ಹೋದವು. ತೆಳು ಕಾಂಕ್ರೀಟನ್ನು ಬಾಗಿಸಿ ಬಲ ಕೊಡುವ ಆ ಕೈಗುಣವನ್ನು ಇವತ್ತು ನೋಡಬೇಕೆಂದರೆ ಮ್ಯೂಡೋನಿಗೆ ಬರಬೇಕು.

ಒಳಗೆ ಗಾಳಿಯ ಜೊತೆಗೇ ನಡೆದುಕೊಂಡು ಹೋದರೆ ಕಟ್ಟಡ ಅರ್ಥವಾಗುತ್ತದೆ. ಹೊರಗಿನ ಗಾಳಿ ದೊಡ್ಡ ಬಾಯಿಯ ಆಲಿಕೆಯೊಳಗೆ ನುಗ್ಗುತ್ತದೆ. ಆಲಿಕೆ ಕಿರಿದಾಗುತ್ತ ಹೋಗಿ, 16 ಮೀಟರ್ ಅಗಲ, 8 ಮೀಟರ್ ಎತ್ತರದ ದೀರ್ಘವೃತ್ತವಾಗಿ ಮುಗಿಯುತ್ತದೆ. ವಿಮಾನವೆಂದರೆ ಅಗಲ ಜಾಸ್ತಿ, ಎತ್ತರ ಕಮ್ಮಿ. ದುಂಡು ಬಾಯಿ ಮಾಡಿದ್ದರೆ ಮೇಲೆ ಕೆಳಗೆ ಸುಮ್ಮನೆ ಗಾಳಿ ಓಡಿಸಿ ಕರೆಂಟು ಸುಡಬೇಕಿತ್ತು. ಆ ಬಾಯಿಂದ ಹೊರಟ ಧಾರೆ, ಸುತ್ತ ಗೋಡೆಯಿಲ್ಲದೆ, ಪ್ರಯೋಗದ ಕೋಣೆಯನ್ನು ಬರಿದೇ ದಾಟಿ ಎದುರಿನ ಡಿಫ್ಯೂಸರಿನ ಬಾಯಿಗೆ ಬೀಳುತ್ತದೆ. ಅಲ್ಲಿಂದ ಹಿಗ್ಗುತ್ತ ನಿಧಾನವಾಗಿ ಹಿಂದಿನ ದೊಡ್ಡ ಹಜಾರ ಸೇರುತ್ತದೆ. ಹಜಾರದ ಆಚೆ ತಲಾ 1000 ಅಶ್ವಶಕ್ತಿಯ ಆರು ಫ್ಯಾನುಗಳು ಅದನ್ನು ಎಳೆದು ಬಯಲಿಗೆ ಬಿಡುತ್ತವೆ. ವೇಗ ಗಂಟೆಗೆ 180 ಕಿಲೋಮೀಟರ್, ಸೆಕೆಂಡಿಗೆ 50 ಮೀಟರ್. ಬಾಯಿಯ ವಿಸ್ತೀರ್ಣ ನೂರು ಚದರ ಮೀಟರ್, ಹಾಗಾಗಿ ಪ್ರತಿ ಸೆಕೆಂಡಿಗೆ 5000 ಘನ ಮೀಟರ್ ಗಾಳಿ. ಗಾಳಿಗೆ ತೂಕವಿಲ್ಲ ಅನ್ನುವವರು ಗುಣಿಸಿ ನೋಡಬೇಕು: ಸೆಕೆಂಡಿಗೆ 6 ಟನ್. ಆ ಧಾರೆಯ ಶಕ್ತಿ 10,000 ಅಶ್ವಶಕ್ತಿ ಮೀರುತ್ತದೆ, ಫ್ಯಾನುಗಳದ್ದು ಒಟ್ಟು 6000. ಓತೈನ 50-85ರ ಲೆಕ್ಕವೇ ಇದು, ನೂರು ಪಟ್ಟು ಬೆಳೆದಿದೆ.

ಫ್ಯಾನು ಮುಂದಿನಿಂದ ಊದುವುದಿಲ್ಲ, ಹಿಂದಿನಿಂದ ಹೀರುತ್ತದೆ. ಒಲೆಗೆ ಊದುಗೊಳವೆಯಿಂದ ಊದುವುದಕ್ಕೂ ಎಳನೀರಿಗೆ ಕೊಳವೆ ಹಾಕಿ ಹೀರುವುದಕ್ಕೂ ಇರುವ ವ್ಯತ್ಯಾಸ. ಊದಿದರೆ ಫ್ಯಾನಿನ ರೆಕ್ಕೆಗಳು ಎಬ್ಬಿಸಿದ ಸುಳಿಯೆಲ್ಲ ನೇರ ವಿಮಾನದ ಮೇಲೆ ಬೀಳುತ್ತದೆ. ಹೀರಿದರೆ ಬರುವ ಗಾಳಿ ಶಾಂತ. ಆದರೆ ಹೀರುವುದಕ್ಕೆ ತೆರಬೇಕಾದ ಬೆಲೆ ಗೋಡೆಗಳ ಮೇಲೆ ಬೀಳುತ್ತದೆ. ಪೂರ್ತಿ ವೇಗದಲ್ಲಿ ಪ್ರಯೋಗದ ಕೋಣೆಯ ಒತ್ತಡ ಹೊರಗಿಗಿಂತ ಸುಮಾರು 1530 ಪಾಸ್ಕಲ್ ಕಡಿಮೆಯಿರುತ್ತದೆ. ಪ್ರತಿ ಚದರ ಮೀಟರ್ ಗೋಡೆಯನ್ನು 156 ಕೆ.ಜಿ. ಭಾರ ಹೊರಗಿನಿಂದ ಒಳಕ್ಕೆ ಒತ್ತುತ್ತಿರುತ್ತದೆ ಎಂದರ್ಥ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಸಾಧಾರಣ ಬಾಗಿಲ ಮೇಲೆ ಮೂರು ಕ್ವಿಂಟಾಲು! ಒಳಕ್ಕೆ ತೆರೆಯುವ ಬಾಗಿಲಾದರೆ ಚಿಲಕ ಕಿತ್ತು ಬಡಿದುಕೊಳ್ಳುತ್ತದೆ, ಹೊರಕ್ಕೆ ತೆರೆಯುವುದಾದರೆ ಆನೆ ತಂದು ಎಳೆಯಬೇಕು. ಇಂಥ ಕೋಣೆಗಳಿಗೆ ಎರಡು ಬಾಗಿಲಿನ ನಡುಮನೆ ಇಟ್ಟು, ಒತ್ತಡ ಸಮ ಮಾಡಿಕೊಂಡು ಒಳಹೊರಗೆ ಓಡಾಡುವುದು ಅದಕ್ಕೇ. ಕಿಟಕಿಯ ಸಂದಿನಲ್ಲಿ ಗಾಳಿ ಸೋರಿದರೂ ಧಾರೆಯ ಅಂಚು ಕೆಡುತ್ತದೆ.

ಎಲುಬುಗಳು ಹೊರಗಿರುವುದಕ್ಕೆ ಕಾರಣವೂ ಇದೇ. ಡಿಫ್ಯೂಸರಿನ ಚಿಪ್ಪು ಸುಮಾರು 7 ಸೆಂಟಿಮೀಟರ್ ದಪ್ಪ. ನಮ್ಮ ಮನೆಗಳ ಆರ್‌ಸಿಸಿ ತಾರಸಿ ಸಾಮಾನ್ಯವಾಗಿ ಐದು ಇಂಚು, ಇದು ಮೂರು ಇಂಚೂ ಇಲ್ಲ. ಒಳಗಿನಿಂದ ಉಬ್ಬಿಸುವ ಒತ್ತಡವಾಗಿದ್ದರೆ ಕಂಬಿಗಳು ಎಳೆತಕ್ಕೆ ಸಿಕ್ಕಿ ಬಿಗಿ ಹಿಡಿಯುತ್ತಿದ್ದವು. ಹೊರಗಿನ ಒತ್ತಡ ಹಾಗಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಗಾಳಿ ಹೀರಿದರೆ ಅದು ಹರಿಯುವುದಿಲ್ಲ, ಒಂದು ಕಡೆ ಗುಳಿ ಬಿದ್ದು ಸೊಟ್ಟಗಾಗುತ್ತದೆ. ತೆಳು ಚಿಪ್ಪಿನ ಭಯವೂ ಅದೇ, ಸಾಮಗ್ರಿಯ ಬಲ ಮುಗಿಯುವ ಮೊದಲೇ ಆಕಾರ ಮುರಿಯುವುದು. ಅದರಲ್ಲೂ ದೀರ್ಘವೃತ್ತದ ಚಪ್ಪಟೆ ಬದಿಗಳು ವೃತ್ತಕ್ಕಿಂತ ದುರ್ಬಲ. ಅದನ್ನು ತಡೆಯಲು ಸಾಲು ಚೌಕಟ್ಟುಗಳು ಚಿಪ್ಪನ್ನು ಹಿಡಿದಿರಬೇಕು. ಒಳಗೆ ಇಟ್ಟರೆ ಪ್ರತಿ ಚೌಕಟ್ಟೂ ಗಾಳಿಗೆ ಒಂದೊಂದು ಹೊಸ್ತಿಲು. ಆದ್ದರಿಂದ ಹೊರಗೆ. ಈ ಕಟ್ಟಡದ ಚೆಲುವನ್ನು ಹೊಗಳುವವರು ಆಧುನಿಕ ಶಿಲ್ಪಕಲೆಯ ಮಾತೆತ್ತುತ್ತಾರೆ. ಅವರ ಮಾತು ಅವರಿಗಿರಲಿ. ಅಲ್ಲಿ ಶಿಲ್ಪಿಯ ಕೆಲಸವನ್ನು ಮುಕ್ಕಾಲು ಪಾಲು ಮಾಡಿದ್ದು ಆ 156 ಕೆ.ಜಿ.

ಡಿಫ್ಯೂಸರಿನ ಅಗಲುವಿಕೆಗೂ ಒಂದು ಮಿತಿಯಿದೆ. ಎದುರುಬದುರು ಗೋಡೆಗಳ ನಡುವಿನ ಕೋನ 7 ಡಿಗ್ರಿಯ ಆಸುಪಾಸು ದಾಟಿದರೆ ಗಾಳಿ ಗೋಡೆ ಬಿಟ್ಟು ಬಿಡಿಸಿಕೊಳ್ಳುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಫ್ಯಾನಿಗೆ ಸಿಗುವ ಗಾಳಿ ಹೊಯ್ದಾಡಿ ಇಡೀ ಟನಲ್ ಏದುಸಿರು ಬಿಡುತ್ತದೆ. ಕಿರುಕೋನ ಇಟ್ಟರೆ ಕಟ್ಟಡ ಉದ್ದವಾಗುತ್ತದೆ, ಖರ್ಚು ಏರುತ್ತದೆ. ಉದ್ದ ಏರಿದರೆ ಇನ್ನೊಂದು ತಲೆನೋವು: 120 ಮೀಟರ್ ಕಾಂಕ್ರೀಟು ಚಳಿಗಾಲದಿಂದ ಬೇಸಿಗೆಗೆ 25 ಡಿಗ್ರಿ ಬಿಸಿಯಾದರೆ ಸುಮಾರು 3 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕೆ ಜಾಗ ಬಿಡಬೇಕು, ಬಿಟ್ಟ ಜಾಗದಲ್ಲಿ ಗಾಳಿ ಸೋರಬಾರದು.

ಪರೀಕ್ಷೆಯ ಕ್ರಮ ಬಲ್ಲವರಿಗೆ ಅದರ ತಾಳ್ಮೆ ಗೊತ್ತು. ಸುಮಾರು 12 ಮೀಟರ್ ರೆಕ್ಕೆಯಗಲದ ವಿಮಾನ ಇಲ್ಲಿ ಹಿಡಿಸುತ್ತಿತ್ತು. 16 ಮೀಟರಿನ ಬಾಯಿಗೆ 12 ಯಾಕೆಂದರೆ, ರೆಕ್ಕೆಯ ತುದಿ ಧಾರೆಯ ಅಂಚಿಗೆ ಹೋದರೆ ಅಲ್ಲಿನ ಕದಡಿದ ಗಾಳಿ ತಾಗುತ್ತದೆ. ವಿಮಾನವನ್ನು ತಕ್ಕಡಿಯ ಊರೆಗಳ, ಅಂದರೆ ಆಧಾರದ ಕಾಲುಗಳ, ಮೇಲೆ ಕೂರಿಸಿ ಮೊದಲು ಗಾಳಿಯಿಲ್ಲದೆ ತೂಗುವುದು. ಆಮೇಲೆ ಊರೆಗಳ ಮೇಲಷ್ಟೇ ಗಾಳಿ ಬಿಟ್ಟು ಅವುಗಳ ಎಳೆತ ಬರೆದಿಟ್ಟುಕೊಳ್ಳುವುದು, ಅಂಗಡಿಯಲ್ಲಿ ಎಣ್ಣೆ ಹಾಕುವ ಮೊದಲು ಪಾತ್ರೆಯ ತೂಕ ಕಳೆಯುವ ಹಾಗೆ. ಈ ಹೆಜ್ಜೆ ಹಾರಿಸಿದರೆ ಲೆಕ್ಕವೆಲ್ಲ ಮಣ್ಣುಗೂಡಿತು. ಮೈ ನುಣುಪಾದ ವಿಮಾನದ ಎಳೆತಕ್ಕೆ ಹೋಲಿಸಿದರೆ ಊರೆಗಳದ್ದೇ ಗಣನೀಯ ಪಾಲು. ಆನಂತರ ಮೂತಿಯ ಕೋನವನ್ನು ಒಂದೆರಡು ಡಿಗ್ರಿಯಂತೆ ಏರಿಸುತ್ತ ಎತ್ತುವ ಬಲ, ಎಳೆತ, ಹೊರಳುವ ಒಲವು ಇವುಗಳ ಸರಣಿ ತೆಗೆಯುವುದು. ನಿಜ ವಿಮಾನವಾದ್ದರಿಂದ ಎಂಜಿನ್ ಚಾಲೂ ಇಟ್ಟೂ ಅಳೆಯಬಹುದಿತ್ತು. ರೇಡಿಯೇಟರಿನ ಬಾಯಿ, ಎಂಜಿನಿನ ಹೊದಿಕೆ, ಚಕ್ರದ ಕಾಲು, ಸಂದುಗೊಂದುಗಳಲ್ಲಿ ನುಸುಳುವ ಗಾಳಿ, ಇವು ಯಾವುವೂ ಮರದ ಸಣ್ಣ ಮಾದರಿಯಲ್ಲಿ ಸರಿಯಾಗಿ ಮೂಡುವುದಿಲ್ಲ. ದೊಡ್ಡ ಟನಲಿನ ಅಸಲಿ ಬೆಲೆ ಅಲ್ಲೇ.

ಬಾಯಿ ಬಯಲಿಗೆ ತೆರೆದ ಟನಲಿಗೆ ಹವಾಮಾನವೇ ಶತ್ರು. ಹೊರಗೆ ಬೀಸುಗಾಳಿ ಎದ್ದರೆ ಒಳಗಿನ ಧಾರೆ ಅಲುಗುತ್ತದೆ, ಮಳೆ ಬಂದರೆ ನೀರು, ಶರತ್ಕಾಲದಲ್ಲಿ ತರಗೆಲೆ. ತಾಪ 10 ಡಿಗ್ರಿ ಬದಲಾದರೆ ಗಾಳಿಯ ಸಾಂದ್ರತೆ ಶೇ. 3.5ರಷ್ಟು ಬದಲಾಗುತ್ತದೆ, ಅಳೆದ ಬಲವೂ ಅಷ್ಟೇ. ಹಾಗಾಗಿ ಫ್ಯಾನಿನ ಸುತ್ತುಗಳನ್ನು ನಂಬದೆ, ಪ್ರತಿ ಓದಿಗೂ ಧಾರೆಯ ಒತ್ತಡ, ಬ್ಯಾರೋಮೀಟರು, ಥರ್ಮಾಮೀಟರು ಮೂರನ್ನೂ ನೋಡಬೇಕು. ಗಾಳಿಯನ್ನು ಒಳಗೇ ಸುತ್ತಿಸುವ ಮುಚ್ಚು ಸುತ್ತಿನ ಟನಲುಗಳಿಗೆ ಈ ಕಾಟ ಕಮ್ಮಿ. ಅವುಗಳಿಗೆ ಬೇರೆ ಕಾಟ: ಅದೇ ಗಾಳಿ ಸುತ್ತಿ ಸುತ್ತಿ ಬಿಸಿಯೇರುತ್ತದೆ, ಎಂಜಿನ್ ಓಡಿಸಿದರೆ ಹೊಗೆ ಅಲ್ಲೇ ಉಳಿಯುತ್ತದೆ. ಇಲ್ಲಿ ಹೊಗೆ ತಾನಾಗಿ ಹೊರಗೆ.

ಯುದ್ಧದ ನಂತರ, 1946ರಲ್ಲಿ, ಓನೆರಾ ಎಂಬ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಹುಟ್ಟಿ ಈ ಟನಲ್ ಅದರ ಕೈಗೆ ಬಂತು. ಕ್ಯಾರವೆಲ್, ಮಿರಾಜ್, ಕಾಂಕಾರ್ಡ್ ಕಾಲದ ಕೆಲಸವೂ ಇಲ್ಲಿ ನಡೆಯಿತು, ಕಾರುಗಳೂ ಬಂದವು. ಆದರೆ ಜೆಟ್ ಯುಗಕ್ಕೆ ಗಂಟೆಗೆ 180 ಕಿಲೋಮೀಟರ್ ಯಾವ ಮೂಲೆಗೆ? ಆಲ್ಪ್ಸ್ ಬೆಟ್ಟದ ಮೋದಾನಿನಲ್ಲಿ ಇದೇ ಸಂಸ್ಥೆ 8 ಮೀಟರ್ ವ್ಯಾಸದ ಟನಲನ್ನು 1952ರಲ್ಲಿ ಓಡಿಸಲು ಶುರುಮಾಡಿತ್ತು. ಅದರ ಫ್ಯಾನುಗಳನ್ನು ತಿರುಗಿಸುವುದು ಬೆಟ್ಟದ ಮೇಲಿಂದ ಧುಮುಕುವ ನೀರು, 88 ಮೆಗಾವ್ಯಾಟ್. ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಮ್ಯೂಡೋನಿನ ಫ್ಯಾನುಗಳು 1970ರ ದಶಕದ ಉತ್ತರಾರ್ಧದಲ್ಲಿ ನಿಂತವು.

ಓರಗೆಯ ಟನಲುಗಳ ಹಣೆಬರಹ ಒಂದೇ ಥರ ಇಲ್ಲ. ಲ್ಯಾಂಗ್ಲಿಯದ್ದಕ್ಕೆ 1985ರಲ್ಲಿ ರಾಷ್ಟ್ರೀಯ ಹೆಗ್ಗುರುತಿನ ಪಟ್ಟ ಕಟ್ಟಿದರು, ಆಮೇಲೆ ಕೆಡವಿಯೂ ಹಾಕಿದರು. ಉಕ್ಕಿನ ಚೌಕಟ್ಟಿಗೆ ಹಾಳೆ ಹೊದಿಸಿದ ಕಟ್ಟಡ ಬಿಚ್ಚುವುದು ಸುಲಭ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ 1935ರ 24 ಅಡಿ ಟನಲ್ ಉಳಿದಿದೆ, ಅದರ ಮಹಾಗನಿ ಮರದ ಆರು ರೆಕ್ಕೆಗಳ ಫ್ಯಾನೂ ಉಳಿದಿದೆ. ಬರ್ಲಿನ್ನಿನ ಆಡ್ಲರ್ಸ್‌ಹೋಫ್‌ನಲ್ಲಿ ಕಾಂಕ್ರೀಟಿನ ಟನಲ್ ಮತ್ತು 20 ಮೀಟರ್ ಎತ್ತರದ, ಮೊಟ್ಟೆಯಾಕಾರದ, ವಿಮಾನ ಗಿರಕಿ ಹೊಡೆದು ಬೀಳುವ ಬಗೆಯನ್ನು ಪರೀಕ್ಷಿಸುತ್ತಿದ್ದ ಗಿರಕಿ ಗೋಪುರ ವಿಶ್ವವಿದ್ಯಾಲಯದ ಅಂಗಳದ ಗುರುತುಗಳಾಗಿವೆ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಐಐಎಸ್‌ಸಿಯ, 14 ಅಡಿಗೆ 9 ಅಡಿಯ ಟನಲ್ ಮ್ಯೂಡೋನಿನ ದಾಯಾದಿಯೇ ಸರಿ. ಅದರದ್ದೂ ಬಯಲಿಗೆ ತೆರೆದ ಸುತ್ತು, ಅದರದ್ದೂ ದೀರ್ಘವೃತ್ತದ ಬಾಯಿ, ವಿಸ್ತೀರ್ಣ ಮಾತ್ರ ಹನ್ನೊಂದನೇ ಒಂದು ಪಾಲು. ಸತೀಶ್ ಧವನ್ ಅವರ ಕಾಲದಲ್ಲಿ ಕಟ್ಟಿದ್ದು, ಕೆಲಸಕ್ಕೆ ಬಂದದ್ದು.

ಓಡುವ ಯಂತ್ರವನ್ನು ಕಾಪಾಡುವುದು ಅದರ ಕೆಲಸವೇ. ನಿಂತದ್ದನ್ನು ಕಾಪಾಡುವುದು ಬೇರೆಯೇ ವಿದ್ಯೆ. 7 ಸೆಂಟಿಮೀಟರ್ ಚಿಪ್ಪಿನಲ್ಲಿ ಕಂಬಿಯ ಜಾಲ ಕೂತ ಮೇಲೆ ಅದರ ಮೇಲಿನ ಕವರ್ ಹೆಚ್ಚೆಂದರೆ ಒಂದೂವರೆ, ಎರಡು ಸೆಂಟಿಮೀಟರ್. ಗಾಳಿಯ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನೊಳಗೆ ಇಂಗುತ್ತ ಅದರ ಕ್ಷಾರಗುಣವನ್ನು ತಿನ್ನುತ್ತದೆ, ತೊಂಬತ್ತು ವರ್ಷದಲ್ಲಿ ಅಷ್ಟು ಆಳ ತಲುಪುವುದು ದೊಡ್ಡದಲ್ಲ. ಕ್ಷಾರ ಹೋದ ಕಡೆ ಕಂಬಿಗೆ ತುಕ್ಕು, ತುಕ್ಕು ಉಬ್ಬಿ ಚಕ್ಕೆ ಉದುರುತ್ತದೆ. ತಿಳಿಯುವ ಉಪಾಯ ಹಳೆಯದು: ಸಣ್ಣ ಚೂರು ಒಡೆದು, ಹೊಸ ಮೈಗೆ ಫೀನಾಲ್ಫ್ತಲೀನ್ ಸಿಂಪಡಿಸುವುದು. ಗುಲಾಬಿ ಬಂದರೆ ಕ್ಷಾರ ಉಳಿದಿದೆ, ಬಣ್ಣ ಬರದಿದ್ದರೆ ಹೋಗಿದೆ. ಮಿಕ್ಕ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಜಾಗ ಟಣ್ ಅನ್ನುತ್ತದೆ, ಪೊಳ್ಳು ಜಾಗ ಬಿರುಕು ಮಡಕೆಯ ಹಾಗೆ ಬೊಬ್ಬ್ ಅನ್ನುತ್ತದೆ. ಮೊದಲು ತಟ್ಟಬೇಕಾದ್ದು ಎಲುಬು ಮತ್ತು ಚಿಪ್ಪು ಕೂಡುವ ಮೂಲೆಗಳನ್ನು. ಎಲುಬು ಹೊರಗಿರುವುದರಿಂದ ಅಲ್ಲಿ ಮಳೆನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟಿ ಸಂದು ಅಗಲಿಸುತ್ತದೆ. ಗಾಳಿಗೆ ಅನುಕೂಲ ಮಾಡಿಕೊಟ್ಟ ಆಕಾರ ಮಳೆಗೂ ಅನುಕೂಲ ಮಾಡಿಕೊಟ್ಟಿತು.

ದುರಸ್ತಿಯಲ್ಲಿ ಆಗುವ ದೊಡ್ಡ ತಪ್ಪು, ಕಾಣುವ ಚಕ್ಕೆಗಷ್ಟೇ ಗಾರೆ ಮೆತ್ತುವುದು. ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು ಒಡೆದು, ತುಕ್ಕು ಪೂರ್ತಿ ಕೆರೆದು, ಆಮೇಲೆ ತುಂಬಬೇಕು. ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ತೇಪೆಯ ಅಂಚಿನಲ್ಲೇ ಹೊಸ ತುಕ್ಕು. ಹಳೆಯದಕ್ಕಿಂತ ತೀರಾ ಗಟ್ಟಿಯಾದ ಗಾರೆಯೂ ಬೇಡ, ಅದು ಕುಗ್ಗುವಾಗ ಪಕ್ಕದ ಹಳೆ ಕಾಂಕ್ರೀಟನ್ನೂ ಎಳೆದುಕೊಂಡು ಬರುತ್ತದೆ. ನೀರು ತಡೆಯುವ ದಪ್ಪ ಬಣ್ಣ ಬಳಿಯುವ ಆಸೆಯೂ ಬರುತ್ತದೆ, ಬಳಿದರೆ ಎಲುಬಿನ ಮೇಲಿನ ಸೆಂಟ್ರಿಂಗ್ ಹಲಗೆಗಳ ಗುರುತು ಅಳಿಸಿಹೋಗುತ್ತದೆ. ಹೊರಮೈಗೆ ತೇಪೆ ಹಾಕಿದರೆ ಹಲಗೆಯ ಆ ಗೆರೆಯನ್ನು ಮತ್ತೆ ಎಳೆಯಬೇಕು. ಒಳಮೈಯಲ್ಲಿ ಒಂದು ಗೆರೆಯೂ ಇರಬಾರದು. ಅಲ್ಲಿ ಈಗ ಗಾಳಿ ಓಡುವುದಿಲ್ಲ, ಎರಡು ಮಿಲಿಮೀಟರ್ ಏರುಪೇರು ಇದ್ದರೆ ಯಾರಿಗೆ ನಷ್ಟ ಎಂದು ಗುತ್ತಿಗೆದಾರ ಕೇಳಿಯೇ ಕೇಳುತ್ತಾನೆ. ಆದರೂ ಗಾರೆ ಒಣಗಿದ ಮೇಲೆ, ಆಲಿಕೆಯ ಕಡೆಯಿಂದ ಫ್ಯಾನಿನ ಕಡೆಗೆ, ಗಾಳಿ ಹೋಗುತ್ತಿದ್ದ ದಿಕ್ಕಿನಲ್ಲೇ ಅಂಗೈ ಸವರಿ ನೋಡಬೇಕು. ತೇಪೆ ಎಲ್ಲಿ ಶುರುವಾಯಿತು ಎಂದು ಕೈಗೆ ಗೊತ್ತಾದರೆ ಕೆಲಸ ಇನ್ನೂ ಮುಗಿದಿಲ್ಲ.